ಜಾಣ ಕಿವುಡು

ಉದ್ದಣ್ಣನ ಹಳೇ ಕಾರು ಮನೆಗೆ ಬಂದ ದಿನವೇ ಅವಳಿಗೆ ಆ ಶಬ್ದ ಕೇಳಿಸಿತು. ಗಂಡ ಗೇಟಿನ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ, ಪಕ್ಕದ ಬಾಗಿಲು ತೆರೆದು ಕಾಯುತ್ತಿದ್ದ. ಹೊಲಿಯುತ್ತ ಕೂತಿದ್ದವಳು ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಓಡಿಬಂದು ಹತ್ತಿದಳು. ಸೀಟು ಮೆತ್ತಗಿತ್ತು, ಗಾಜು ಥಳಥಳ ಅನ್ನುತ್ತಿತ್ತು. ಆದರೆ ಬೀದಿಯ ತಿರುವು ದಾಟಿ ಕಾರು ವೇಗ ಹಿಡಿಯುತ್ತಿದ್ದಂತೆ ಬಾನೆಟ್ಟಿನೊಳಗಿಂದ ಸಣ್ಣಗೆ ಒಂದು ಕೀರಲು ದನಿ ಹೊರಟಿತು. ವೇಗ ಹೆಚ್ಚಿದರೆ ದನಿಯೂ ಏರುತ್ತಿತ್ತು, ಬ್ರೇಕು ಒತ್ತಿದರೆ ಇಳಿಯುತ್ತಿತ್ತು.

"ಅದೇನ್ರೀ ಶಬ್ದ?"

"ಯಾವ ಶಬ್ದ?"

"ಕುಂಯ್ ಅಂತಿದೆಯಲ್ಲ, ನಾಯಿಮರಿ ಬಾಲ ತುಳಿದ ಹಾಗೆ."

ಗಂಡ ಒಂದು ಕ್ಷಣ ಅವಳ ಮುಖ ನೋಡಿದ. "ಹಳೇ ಗಾಡಿ ಅಲ್ವಾ, ಸ್ವಲ್ಪ ಮಾತಾಡತ್ತೆ" ಎಂದು ನಕ್ಕು, ರೇಡಿಯೋ ಜೋರು ಮಾಡಿದ.

ಅವಳಿಗೆ ಆ ನಗು ಹಿಡಿಸಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಪರದೆ, ಸಮವಸ್ತ್ರ ಹೊಲಿಯುವವಳು ಅವಳು. ಯಂತ್ರಕ್ಕೆ ಎಣ್ಣೆ ಕಡಿಮೆಯಾದರೆ, ಸೂಜಿ ಮೊಂಡಾದರೆ, ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಈ ಕಾರಿನೊಳಗೆ ಯಾವುದೋ ಒಂದು ತಿರುಗುವ ವಸ್ತು ಒಣಗಿ ಒದ್ದಾಡುತ್ತಿದೆ ಎಂದು ಅವಳಿಗೆ ಅನುಮಾನವೇ ಇರಲಿಲ್ಲ. ಅನುಮಾನ ಬಂದದ್ದು ಗಂಡನ ಮೇಲೆ.

ಅವನು ಛಾಪಖಾನೆಯಲ್ಲಿ ಮುದ್ರಣ ಯಂತ್ರ ನಡೆಸುವವನು. ಒಂದು ಛತ್ರಿ ಕೊಳ್ಳಬೇಕಾದರೂ ಹತ್ತು ಸಲ ಬಿಚ್ಚಿ, ಮುಚ್ಚಿ, ಅಂಗಡಿಯವನಿಗೆ ಸಾಕುಸಾಕಾಗುವ ತನಕ ಅಳೆದು ಸುರಿಯುವ ಮನುಷ್ಯ. ಅಂಥವನು ಕಾರು ನೋಡಲು ಒಬ್ಬನೇ ಹೋಗಿದ್ದ. ಮೆಕ್ಯಾನಿಕ್ಕನ್ನು ಕರೆದೊಯ್ಯಲಿಲ್ಲ, ಅವಳನ್ನೂ ಕರೆಯಲಿಲ್ಲ. ಹೋದಷ್ಟೇ ಬೇಗ ಬಂದು "ಚೆನ್ನಾಗಿದೆ, ಒಪ್ಪಿಕೊಂಡೆ" ಅಂದಿದ್ದ. ಮಾರಿದವನು ಅದೇ ಛಾಪಖಾನೆಯಲ್ಲಿ ಪುಸ್ತಕ ಕಟ್ಟುತ್ತಿದ್ದು ಈಗ ನಿವೃತ್ತನಾದ ಉದ್ದಣ್ಣ. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸಬೇಕಾದಷ್ಟು ಎತ್ತರ ಇದ್ದುದರಿಂದ ಊರಿಗೆಲ್ಲ ಅವನು ಉದ್ದಣ್ಣನೇ. ಕೆಲವು ತಿಂಗಳಲ್ಲೇ ಮನೆ ಖಾಲಿ ಮಾಡಿ ಮಗಳಿರುವ ಊರಿಗೆ ಹೊರಡುವವನಿದ್ದ. ಹೋಗುವ ಮುಂಚೆ ಕೆಟ್ಟ ಗಾಡಿಯನ್ನು ಗೆಳೆಯನ ತಲೆಗೆ ಕಟ್ಟಿದ, ಗೆಳೆಯ ಗೊತ್ತಿದ್ದೂ ಕಟ್ಟಿಸಿಕೊಂಡ ಎಂದು ಅವಳ ಮನಸ್ಸು ಲೆಕ್ಕ ಹಾಕಿತು. ದಾಕ್ಷಿಣ್ಯಕ್ಕೆ ಬಸಿರಾಗುವ ಗಂಡನನ್ನು ಕಟ್ಟಿಕೊಂಡರೆ ಹೆರುವ ನೋವು ಹೆಂಡತಿಗೇ.

ದಿನ ಕಳೆದಂತೆ ಕಾರಿನ ರೋಗಗಳು ಒಂದೊಂದಾಗಿ ಹೊರಬಿದ್ದವು. ಎಡಕ್ಕೆ ತಿರುಗಿದ ಮೇಲೆ ಇಂಡಿಕೇಟರು ತಾನಾಗಿ ಆರುತ್ತಿರಲಿಲ್ಲ. ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಲೇ ಇರುತ್ತಿತ್ತು, ಗಂಡ ನೆಟ್ಟಗೆ ಮುಂದೆ ನೋಡುತ್ತ ಓಡಿಸುತ್ತಲೇ ಇರುತ್ತಿದ್ದ. ಹಿಂದಿನವರು ಹಾರನ್ ಬಾರಿಸಿ ಬೈದು ಮುಂದೆ ಹೋಗುತ್ತಿದ್ದರು.

"ಅದನ್ನ ಆರಿಸಬಾರದಾ? ಕೇಳ್ತಿಲ್ವಾ?"

"ಓ, ಇದಾ? ಆರಿಸ್ತೀನಿ ಇರು."

ಇನ್ನೊಂದು ದಿನ ಸಿಗ್ನಲ್ಲಿನಲ್ಲಿ ದೊಡ್ಡ ಬಸ್ಸೊಂದು ಪಕ್ಕದಲ್ಲೇ ಗುಡುಗುಡು ಅನ್ನುತ್ತ ನಿಂತಿತ್ತು. ಹಸಿರು ದೀಪ ಬಿತ್ತು. ಇಂಜಿನ್ ಓಡುತ್ತಲೇ ಇತ್ತು. ಗಂಡ ಅದು ನಿಂತಿದೆಯೆಂಬಂತೆ ಮತ್ತೆ ಕೀಲಿ ತಿರುಗಿಸಿದ. ಕರ್‍ರ್‍ರ್ ಎಂದು ಹಲ್ಲಿಗೆ ಹಲ್ಲು ಕಡಿದಂಥ ಸದ್ದು. ರಸ್ತೆ ದಾಟುತ್ತಿದ್ದ ಮುದುಕಿಯೊಬ್ಬಳು ಬೆಚ್ಚಿಬಿದ್ದು ಎದೆ ಮುಟ್ಟಿಕೊಂಡಳು.

"ಸ್ಟಾರ್ಟರೂ ಕೆಟ್ಟಿದೆ ಅನ್ನಿ ಹಾಗಾದ್ರೆ" ಎಂದಳು ಅವಳು.

"ಹೂಂ, ಇರಬಹುದು" ಎಂದ ಅವನು. ಅವನ ಕಿವಿಯ ತುದಿ ಕೆಂಪಾಗಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದುಕೊಂಡಳು. ಆಮೇಲೆ ಅವಳ ಕಣ್ಣು ಕಾರನ್ನು ಬಿಟ್ಟು ಗಂಡನ ಹಿಂದೆ ಬಿತ್ತು. ಫೋನು ಮಾಡಿದರೆ ಅವನು ಎತ್ತುತ್ತಿರಲಿಲ್ಲ. ಎತ್ತಿದರೂ ಅವಳು ಹೇಳಿ ಮುಗಿಸುವ ಮುಂಚೆಯೇ "ಸರಿ, ಸರಿ" ಎಂದು ಇಟ್ಟುಬಿಡುತ್ತಿದ್ದ. ಸೋಪು ತನ್ನಿ ಅಂದರೆ ಚಾಪೆ ತರುತ್ತಿದ್ದ. ನೆಂಟರ ಮನೆಯ ಕಾರ್ಯಗಳಿಗೆ ಕರೆದರೆ ತಲೆನೋವು ಅನ್ನುತ್ತಿದ್ದ. ಕೋಣೆಗೆ ಹಿಂದಿನಿಂದ ಹೋದರೆ ಬೆಚ್ಚಿ ತಿರುಗುತ್ತಿದ್ದ, ಏನೋ ಮುಚ್ಚಿಡುವವನ ಹಾಗೆ. ಇದೆಲ್ಲ ಎಂದಿನಿಂದ ಶುರುವಾಯಿತು ಎಂದು ನೆನೆಸಿಕೊಂಡರೆ ಅವಳಿಗೆ ನಿಖರವಾಗಿ ಹೇಳಲು ಬರಲಿಲ್ಲ. ಕಾರು ಬರುವುದಕ್ಕೂ ಮುಂಚೆಯೇ ಇತ್ತೇನೋ. ಹಾಗಿದ್ದರೆ ಇನ್ನೂ ಕೆಟ್ಟದ್ದು.

"ಶಬ್ದ ಜಾಸ್ತಿ ಆಗಿದೆ. ನೀವು ಮೆಕ್ಯಾನಿಕ್ ಹತ್ರ ಹೋಗ್ತೀರೋ, ನಾನೇ ಹೋಗಲೋ?" ಎಂದು ಒಂದು ಬೆಳಿಗ್ಗೆ ಪಟ್ಟು ಹಿಡಿದಳು.

ಅವನು ಒಬ್ಬನೇ ಹೋಗಿ, ಮಧ್ಯಾಹ್ನದೊಳಗೆ ವಾಪಸು ಬಂದ.

"ಏನಂದ?"

"ಏನೂ ಇಲ್ವಂತೆ. ಓಡಿಸಿ ಅಂದ."

"ಏನೂ ಇಲ್ಲ ಅಂದ್ನಾ? ಬಾನೆಟ್ ತೆಗೆದು ನೋಡಿದ್ನಾ?"

"ನೋಡಿದ ಮಾರಾಯ್ತಿ! ಅವನಿಗಿಂತ ನಿಂಗೆ ಜಾಸ್ತಿ ಗೊತ್ತಾ?"

ಗಂಡ ಅಷ್ಟು ಗಟ್ಟಿಯಾಗಿ ರೇಗಿದ್ದು ಅಪರೂಪ. ಅವಳು ನಂಬಲಿಲ್ಲ. ಹೊಲಿದ ಬಟ್ಟೆ ಕೊಡುವ ನೆಪ ಮಾಡಿಕೊಂಡು ಆ ಸಂಜೆ ಸೀದಾ ಉದ್ದಣ್ಣನ ಮನೆಗೆ ನಡೆದಳು.

ಉದ್ದಣ್ಣ ಹೊರಗೆ ಹೋಗಿದ್ದ. ಅವನ ಹೆಂಡತಿ ಹಾಲಿನ ತುಂಬ ರಟ್ಟಿನ ಪೆಟ್ಟಿಗೆ ಹರಡಿಕೊಂಡು, ಹಳೇ ಪತ್ರಿಕೆಯಲ್ಲಿ ಲೋಟಗಳನ್ನು ಸುತ್ತಿಡುತ್ತಿದ್ದಳು. ಅವಳೂ ಕೂತು ನಾಲ್ಕು ಲೋಟ ಸುತ್ತಿದಳು. ಮಾತು ಎಲ್ಲೆಲ್ಲೋ ಸುತ್ತಿ ಕಾರಿಗೆ ಬಂದು ನಿಂತಿತು.

"ಕಾರು ಹೇಗಿದೆಯೇ?"

"ಓಡ್ತಿದೆ ಅಕ್ಕ. ಒಂದು ಶಬ್ದ ಬರತ್ತೆ. ನಿಮಗೆ ಕೇಳ್ತಿರ್ಲಿಲ್ವಾ?" ಎಂದು ಅವಳು ಲೋಟದ ಮೇಲೇ ಕಣ್ಣಿಟ್ಟು ಕೇಳಿದಳು.

"ಅಯ್ಯೋ, ಇನ್ನೂ ಅದನ್ನ ರಿಪೇರಿ ಮಾಡಿಸಿಲ್ವಾ? ನಮ್ಮೋರು ನಿನ್ನ ಗಂಡನಿಗೆ ಬಾನೆಟ್ ತೆಗೆದು ತೋರಿಸಿದ್ರಲ್ಲ! ಇಲ್ಲೇ, ಈ ಅಂಗಳದಲ್ಲೇ. 'ಈ ಶಬ್ದ ಕೇಳು, ಯಾವುದೋ ಬೇರಿಂಗ್ ಹೋಗ್ತಾ ಇದೆ, ರಿಪೇರಿ ಖರ್ಚು ಹಿಡ್ಕೊಂಡು ಬೆಲೆ ಹೇಳು' ಅಂದ್ರು. ನಿನ್ನ ಗಂಡ ಕಿವಿ ಹತ್ರ ಇಟ್ಟು ಕೇಳಿ, 'ಇದೇನು ಮಹಾ, ನಾನು ನೋಡ್ಕೋತೀನಿ' ಅಂದ. ನಾನೇ ಚಾ ತಂದುಕೊಟ್ಟೆ."

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಉದ್ದಣ್ಣ ಮೋಸ ಮಾಡಿರಲಿಲ್ಲ. ಅಂದರೆ ಗಂಡನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಯಾವ ಶಬ್ದ ಎಂದು ಅವಳನ್ನೇ ಕೇಳಿದ್ದ. ಮನೆಗೆ ನಡೆಯುವ ದಾರಿಯುದ್ದಕ್ಕೂ ಅವಳು ಅದನ್ನೇ ತಿರುವಿ ಹಾಕಿದಳು. ಗೆಳೆಯನನ್ನು ಕಾಪಾಡಲು ಸುಳ್ಳು ಹೇಳಿದ್ದರೆ ಅರ್ಥವಾಗುತ್ತಿತ್ತು. ಇಲ್ಲಿ ಕಾಪಾಡಬೇಕಾದವರು ಯಾರೂ ಇರಲಿಲ್ಲ. ಹಾಗಾದರೆ ಈ ಸುಳ್ಳು ಯಾಕೆ? ಇಷ್ಟು ಚಿಕ್ಕದಕ್ಕೆ ಸುಳ್ಳು ಹೇಳುವವನು ದೊಡ್ಡದಕ್ಕೆ ಇನ್ನೆಷ್ಟು ಹೇಳಿರಬಹುದು?

ಕೇಳಿಬಿಡಬೇಕೆಂದು ಹೋದವಳು ಕೇಳಲಿಲ್ಲ. ಗಂಡ ಊಟದ ತಟ್ಟೆಯ ಮುಂದೆ ಅವಳ ತುಟಿಯನ್ನೇ ನೋಡುತ್ತ ಕೂತಿದ್ದ, ಈಗ ಏನು ಹೇಳುತ್ತಾಳೋ ಎಂದು ಹೆದರಿದವನ ಹಾಗೆ. ಗುಟ್ಟು ತಾನಾಗಿ ಹೊರಬೀಳಲಿ, ಕಾಯೋಣ ಎಂದು ಅವಳೂ ಬಾಯಿ ಬಿಗಿದಳು. ಅದಾದ ಮೇಲೆ ಮನೆಯಲ್ಲಿ ಮಾತು ಬೇಕಾದಷ್ಟಕ್ಕೇ ನಿಂತಿತು.

ಬೇಸಗೆಯ ಒಂದು ಶನಿವಾರ ಶಾಲೆಯೊಂದರ ರಂಗಮಂಚಕ್ಕೆ ಹೊಲಿದ ಪರದೆಯನ್ನು ತಲುಪಿಸಬೇಕಿತ್ತು. ದಪ್ಪ ಮಖಮಲ್ಲು, ಮಡಿಸಿದರೆ ಆನೆಮರಿಯಷ್ಟಿತ್ತು. ಮುಂದಿನ ಸೀಟಿನ ತುಂಬ ಅದೇ ಕೂತಿತು. ಅವಳು ಗಂಡನ ಹಿಂದಿನ ಸೀಟಿನಲ್ಲಿ ಕೂತಳು. ಗಂಡ ಎಂದಿನಂತೆ ರೇಡಿಯೋ ಹಾಕಿದ.

ಊರ ಹೊರಗಿನ ಏರು ದಾರಿಯಲ್ಲಿ ಕೀರಲು ದನಿ ಒಮ್ಮೆಲೇ ಏರಿತು. ಕುಂಯ್ ಅನ್ನುತ್ತಿದ್ದದ್ದು ಕಿವಿಗೆ ಸೂಜಿ ಚುಚ್ಚಿದ ಹಾಗಾಯಿತು. ಮರುಕ್ಷಣ ಫಟ್ ಎಂದು ಏನೋ ಕಡಿಯಿತು, ಬಾನೆಟ್ಟಿನ ಕೆಳಗೆ ಪಟಪಟ ಬಡಿದು ಬಿದ್ದುಹೋಯಿತು. ಗಂಡನ ಹೆಗಲ ಮೇಲಿಂದ ನೋಡಿದರೆ ಮುಂದುಗಡೆ ಒಂದು ಕೆಂಪು ದೀಪ ಹೊತ್ತಿಕೊಂಡಿತ್ತು.

"ನಿಲ್ಲಿಸಿ! ಏನೋ ಕಡೀತು, ನಿಲ್ಲಿಸಿ!"

ಅವನು ನಿಲ್ಲಿಸಲಿಲ್ಲ. ಗೇರು ಬದಲಿಸಿ ಇನ್ನೂ ಒತ್ತಿದ.

"ರೀ! ನಿಲ್ಲಿಸ್ರೀ ಅಂತಿದೀನಿ!"

ಕತ್ತು ಕೂಡ ತಿರುಗಿಸಲಿಲ್ಲ. ಹಾಡಿಗೆ ತಕ್ಕಂತೆ ಅವನ ಬೆರಳು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿತ್ತು. ಬೇಕೆಂದೇ ಮಾಡುತ್ತಿದ್ದಾನೆ ಎಂದು ಅವಳ ಮೈಯೆಲ್ಲ ಉರಿಯಿತು. ಜೊತೆಗೆ, ಮೊದಲ ಬಾರಿಗೆ, ಹೆದರಿಕೆಯೂ ಆಯಿತು. ಈ ಮನುಷ್ಯ ನನ್ನನ್ನು ಎಲ್ಲಿಗೆ ಒಯ್ಯುತ್ತಿದ್ದಾನೆ? ಇಂಜಿನ್ನಿನ ಕಾವು ತೋರಿಸುವ ಮುಳ್ಳು ತುದಿ ಮುಟ್ಟುತ್ತಿತ್ತು. ಏರು ಮುಗಿಯುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ ಭುಸ್ಸೆಂದು ನುಗ್ಗಿ ಮುಂದಿನ ಗಾಜನ್ನು ಮುಚ್ಚಿತು. ಆಗ ಅವನು ಗಾಬರಿಯಿಂದ ಬ್ರೇಕು ತುಳಿದ. ಕಾರು ರಸ್ತೆಯಂಚಿನ ಕಲ್ಲುಗಳ ಮೇಲೆ ಕುಲುಕಾಡಿ ನಿಂತಿತು. ಆಚೆಗೆ ಇಳಿಜಾರಿತ್ತು.

ಅವಳು ಇಳಿದು ಸುತ್ತಿ ಬಂದು ಅವನ ಬಾಗಿಲನ್ನು ಎಳೆದು ತೆರೆದಳು.

"ಬಾಯಿ ಹರ್ಕೊಂಡು ಕೂಗಿದ್ನಲ್ಲ! ಜಾಣ ಕಿವುಡು ಮಾಡ್ಕೊಂಡು ಕೂತಿದ್ರಲ್ಲ ನೀವು? ಈ ಗಾಡಿ ಕೆಟ್ಟಿದೆ ಅಂತ ನಿಮಗೆ ಮೊದಲ್ನೇ ದಿನದಿಂದ ಗೊತ್ತು. ಉದ್ದಣ್ಣನ ಹೆಂಡತಿ ಎಲ್ಲಾ ಹೇಳಿದ್ರು. ನನ್ನ ಯಾಕೆ ಮಂಗ ಮಾಡಿದ್ರಿ?"

ಅವನ ಮುಖ ಬಿಳಿಚಿಕೊಂಡಿತ್ತು. "ಪರದೆಗೆ ಏನೂ ಆಗಿಲ್ಲ ತಾನೆ?" ಎಂದ. ಅವಳಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು.

ಲಾರಿಯೊಂದು ಕಾರನ್ನು ಎಳೆದು ಗ್ಯಾರೇಜಿಗೆ ತಂದು ಬಿಟ್ಟಿತು. ಪರದೆಯನ್ನು ಲಾರಿಯವನೇ ಶಾಲೆಗೆ ತಲುಪಿಸಲು ಒಪ್ಪಿದ. ಗ್ಯಾರೇಜಿನಲ್ಲಿ ನೆಲವೆಲ್ಲ ಎಣ್ಣೆ. ಪಕ್ಕದಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಹೊಟ್ಟೆಯ ಮೇಲೆ ಕೈ ಒರೆಸಿಕೊಳ್ಳುತ್ತ ಬಂದ ಮೆಕ್ಯಾನಿಕ್ ಗಂಡನನ್ನು ನೋಡಿದ್ದೇ ತಲೆ ಚಚ್ಚಿಕೊಂಡ.

"ಅವತ್ತೇ ಹೇಳಿದ್ನಲ್ಲ ಸಾರ್, ವಾಟರ್ ಪಂಪ್ ಹೋಗ್ತಿದೆ, ಗಾಡಿ ಇಲ್ಲೇ ಬಿಟ್ಟು ಹೋಗಿ ಅಂತ! ಹೂಂ ಹೂಂ ಅಂತ ತಲೆ ಅಲ್ಲಾಡಿಸಿ ಗಾಡಿ ಹತ್ತಿ ಹೊರಟೇ ಹೋದ್ರಿ. ನಾನು ಹಿಂದಿಂದ ಕೂಗ್ತಾನೇ ಇದ್ದೆ."

ಅವಳು ಗಂಡನ ಕಡೆ ನೋಡಲಿಲ್ಲ. ಎರಡು ಸಾಕ್ಷಿ ಸಿಕ್ಕಾಗಿತ್ತು. ಮನೆಗೆ ಹೋಗಿ ಬಟ್ಟೆ ತುಂಬಿಕೊಂಡು ತಂಗಿಯ ಮನೆಗೆ ಹೊರಡುವುದೊಂದೇ ಬಾಕಿ ಎಂದು ಆ ನಿಮಿಷದಲ್ಲಿ ನಿಶ್ಚಯಿಸಿದ್ದಳು.

ಇಂಜಿನ್ ತಣ್ಣಗಾದ ಮೇಲೆ ಮೆಕ್ಯಾನಿಕ್ ಎಲ್ಲಿಂದಲೋ ಒಂದು ಹಳೇ ಬೆಲ್ಟು ತಂದು, ಕಡಿದುಹೋದ ಬೆಲ್ಟಿನ ಜಾಗಕ್ಕೆ ಸಿಕ್ಕಿಸಿದ. "ಪಂಪು ಎಷ್ಟರ ಮಟ್ಟಿಗೆ ಹಿಡ್ಕೊಂಡಿದೆ ನೋಡೋಣ. ಒಂದೇ ಸಲ ಹಾಕ್ತೀನಿ, ಕೇಳಿಸ್ಕೊಳ್ಳಿ" ಎಂದು ಒಳಗೆ ಕೈಹಾಕಿ ಕೀಲಿ ತಿರುಗಿಸಿದ.

ಕೀರ್‍ರ್ ಎಂದು ಎಷ್ಟು ತೆಳ್ಳಗಿನ, ಎಷ್ಟು ಹರಿತವಾದ ದನಿ ಎದ್ದಿತೆಂದರೆ ಅವಳ ಎರಡೂ ಕೈ ತಾವಾಗಿ ಕಿವಿ ಮುಚ್ಚಿದವು. ತಗಡು ಬಡಿಯುತ್ತಿದ್ದವನು ಸುತ್ತಿಗೆ ಬಿಟ್ಟು ಮುಖ ಕಿವುಚಿದ. ಎದುರಿನ ಅಂಗಡಿಯವನು "ಏಯ್, ನಿಲ್ಸೋ ಮಾರಾಯ" ಎಂದು ಕೂಗಿದ.

ಗಂಡ ಮಾತ್ರ ಬಾನೆಟ್ಟಿನ ಮೇಲೆ ಬಾಗಿ, ಹುಬ್ಬು ಗಂಟಿಕ್ಕಿ, ಶ್ರದ್ಧೆಯಿಂದ ಇಂಜಿನ್ನನ್ನು ನೋಡುತ್ತಿದ್ದ. ಏನೋ ಹೊಳೆದಂತೆ ತಲೆ ಎತ್ತಿ ಅವಳತ್ತ ತಿರುಗಿದ. ಅವಳ ಕೈ ಕಿವಿಯ ಮೇಲಿರುವುದು ಕಂಡಿತು. ತಗಡಿನವನ ಕಿವುಚಿದ ಮುಖ ಕಂಡಿತು. ಆಗ ಅವನೂ ನಿಧಾನವಾಗಿ ತನ್ನೆರಡು ಕೈಗಳನ್ನು ಮೇಲೆತ್ತಿ ಕಿವಿ ಮುಚ್ಚಿಕೊಂಡ.

ಅಷ್ಟರಲ್ಲಿ ಮೆಕ್ಯಾನಿಕ್ ಇಂಜಿನ್ ಆರಿಸಿ ಆಗಿತ್ತು. ಕಿವಿ ಮುಚ್ಚಿಕೊಂಡು ನಿಂತವನು ಅವನೊಬ್ಬನೇ.

ಅವಳು ಕೈ ಇಳಿಸಿದಳು. ಅವಳು ಇಳಿಸಿದ್ದನ್ನು ನೋಡಿ ಅವನೂ ಇಳಿಸಿದ.

ಇಂಡಿಕೇಟರು, ಕೀಲಿ, ಫೋನು, ಚಾಪೆ, ತುಟಿಯನ್ನೇ ನೋಡುವ ಕಣ್ಣು, ಎಲ್ಲ ಒಂದರ ಹಿಂದೊಂದು ಅವಳ ಕಣ್ಣ ಮುಂದೆ ಬಂದು ನಿಂತವು. ಮೆಕ್ಯಾನಿಕ್ ಪಂಪಿನ ಬಗ್ಗೆ, ಇಂಜಿನ್ನಿಗೆ ಬಿಸಿ ತಗುಲಿ ಇನ್ನೇನಾಗಿದೆಯೋ ಬಿಚ್ಚಿ ನೋಡಬೇಕು ಎಂಬುದರ ಬಗ್ಗೆ ಉದ್ದಕ್ಕೆ ಹೇಳುತ್ತಿದ್ದ. ಗಂಡ ಹೂಂ ಹೂಂ ಅನ್ನುತ್ತಿದ್ದ. ಅವಳು ಮಧ್ಯೆ ಬಂದು, "ನನ್ನ ಹತ್ರ ಹೇಳಿ" ಅಂದಳು.

ಮನೆಗೆ ಬಂದ ಮೇಲೆ ಅವನು ಅಡುಗೆಮನೆಯಲ್ಲಿ ಅವಳಿಗೆ ಬೆನ್ನು ಮಾಡಿ ಚಾ ಕಾಯಿಸುತ್ತಿದ್ದ. ತಪ್ಪು ಮಾಡಿದ ದಿನ ಚಾ ಕಾಯಿಸುವುದು ಅವನ ಹಳೇ ಅಭ್ಯಾಸ. ಅವಳು ಬಾಗಿಲಲ್ಲಿ ನಿಂತು, ದನಿ ಏರಿಸದೆ, "ನಾನು ತಂಗಿ ಮನೆಗೆ ಹೋಗ್ತಿದೀನಿ" ಅಂದಳು. ಅವನು ಸಕ್ಕರೆ ಹಾಕಿದ. "ಇನ್ನು ವಾಪಸ್ ಬರಲ್ಲ" ಅಂದಳು. ಅವನು ಚಮಚದಿಂದ ಕಲಕಿದ.

ಅವಳು ಹತ್ತಿರ ಹೋಗಿ ಅವನ ತೋಳು ಹಿಡಿದು ತಿರುಗಿಸಿದಳು.

"ಎಷ್ಟು ದಿನದಿಂದ?"

ಯಾವುದರ ಬಗ್ಗೆ ಎಂದು ಅವನು ಕೇಳಲಿಲ್ಲ. ಲೋಟ ಕೆಳಗಿಟ್ಟ.

"ಗೊತ್ತಿಲ್ಲ. ಒಂದೇ ಸಲ ಹೋಗಿಲ್ಲ ಅದು. ನಿನ್ನ ದನಿ ಕೇಳತ್ತೆ, ಮುಖ ಕಂಡ್ರೆ ಮಾತೂ ಗೊತ್ತಾಗತ್ತೆ. ಮಾತಿನ ತುದಿ ಮಾತ್ರ ಸಿಗಲ್ಲ. ಸಣ್ಣ ಶಬ್ದ ಯಾವುದೂ ಇಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ನಿಜ ಆಗ್ಬಿಡತ್ತೆ ಅಂತ." ಅವನು ಸ್ಟೂಲಿನ ಮೇಲೆ ಕೂತ. "ಛಾಪಖಾನೆಲಿ ಯಾವ ಯಂತ್ರ ಕೆಟ್ರೂ ನನ್ನೇ ಕರೀತಾರೆ. ಇವನು ದೂರದಿಂದ ಕೇಳೇ ಹೇಳ್ತಾನೆ ಅಂತ ಹೆಸರು. ಈಗ ನಾನು ಅಂಗೈ ಇಟ್ಟು ನಡುಕ ನೋಡಿ ಹೇಳ್ತೀನಿ. ಯಾರಿಗೂ ಗೊತ್ತಾಗಿಲ್ಲ. ಗೊತ್ತಾದ್ರೆ ಕಾಗದ ಎಣಿಸೋಕೆ ಕೂರಿಸ್ತಾರೆ. ಉದ್ದಣ್ಣ ಅವತ್ತು ಬಾನೆಟ್ ತೆಗೆದು, ಕೇಳು ಅಂದ. ನಂಗೆ ಆ ಹೆಸರು ಕೊಟ್ಟವನೇ ಅವನು. ಅವನ ಮುಂದೆ ನಂಗೆ ಕೇಳಲ್ಲ ಅನ್ನಕ್ಕಾಗ್ಲಿಲ್ಲ."

"ಅದಕ್ಕೆ ನನ್ನ ಸಾಯಿಸ್ತಿದ್ರಾ? ಆ ಕಲ್ಲು ಇಲ್ದಿದ್ರೆ ಇಬ್ರೂ ಕೆಳಗಿರ್ತಿದ್ವಿ."

ಅವನು ತಲೆ ತಗ್ಗಿಸಿದ. ಅವಳಿಗೆ ಕನಿಕರವೂ ಬಂತು, ಆದರೆ ಅದರಿಂದ ಸಿಟ್ಟೇನೂ ಕರಗಲಿಲ್ಲ. ಇಷ್ಟು ದಿನ ಅವನ ಮೇಲೆ ಏನೇನೆಲ್ಲ ಅನುಮಾನ ಪಟ್ಟೆ ಎಂಬುದನ್ನು ಅವಳು ಹೇಳಲಿಲ್ಲ. ಒಂದೆರಡನ್ನು ಹೇಳಿದ್ದರೆ ಅವನು ನಗುತ್ತಿದ್ದನೇನೋ. ನಗಿಸುವ ಮನಸ್ಸು ಇರಲಿಲ್ಲ. ಚಾ ಆರಿಹೋಯಿತು.

ಸೋಮವಾರ ಆಸ್ಪತ್ರೆಗೆ ಅವಳೇ ಕರೆದೊಯ್ದಳು. ಗಾಜಿನ ಚಿಕ್ಕ ಕೋಣೆಯಲ್ಲಿ ಅವನ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಕೈ ಎತ್ತಿ ಅಂದರು. ಅವನು ಟಕ್ ಟಕ್ ಎಂದು ಕೈ ಎತ್ತತೊಡಗಿದ. ಅವನ ಕಣ್ಣು ಗುಂಡಿ ಒತ್ತುವ ಹುಡುಗಿಯ ಬೆರಳಿನ ಮೇಲಿತ್ತು. ಹೊರಗೆ ನಿಂತ ಅವಳಿಗೆ ಅದು ಕಂಡಿತು, ಹುಡುಗಿಗೂ ಕಂಡಿತು. ಹುಡುಗಿ ಒಳಗೆ ಹೋಗಿ ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಬಂದಳು. ಮತ್ತೆ ಗುಂಡಿ ಒತ್ತಿದಳು, ಮತ್ತೊಂದು ಒತ್ತಿದಳು. ಅವನ ಕೈ ತೊಡೆಯ ಮೇಲೆ ಹಾಗೇ ಇತ್ತು. ಅವಳು ಗಾಜಿಗೆ ಹಣೆಯಿಟ್ಟು ಆ ಕೈಯನ್ನೇ ನೋಡುತ್ತ ನಿಂತಳು.

ವರ್ಷಗಟ್ಟಲೆ ಯಂತ್ರಗಳ ಗದ್ದಲದಲ್ಲಿ ನಿಂತದ್ದಕ್ಕೆ ಹೀಗಾಗಿದೆ, ತೆಳು ಶಬ್ದಗಳು ಮೊದಲು ಹೋಗುತ್ತವೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಕಿವಿಯ ಸಾಧನ ಬರೆದುಕೊಟ್ಟರು. ಛಾಪಖಾನೆಯ ಯಜಮಾನರಿಗೆ ಅವನೇ ಹೋಗಿ ಹೇಳಿದ. ಅವನು ಹೆದರಿದಂತೆಯೇ ಆಯಿತು: ಯಂತ್ರದಿಂದ ತೆಗೆದು ಕಾಗದದ ಉಗ್ರಾಣಕ್ಕೆ ಹಾಕಿದರು. ಬಹಳ ದಿನ ಅವನು ಮನೆಗೆ ಬಂದು ಮುಖ ಗಂಟಿಕ್ಕಿಕೊಂಡೇ ಕೂರುತ್ತಿದ್ದ. ಅವಳೂ ಸಮಾಧಾನ ಹೇಳಲು ಹೋಗಲಿಲ್ಲ. ಕಾರು ಹೊಸ ಪಂಪು ಹಾಕಿಸಿಕೊಂಡು ಬಂದಾಗ ಅವಳೇ ಡ್ರೈವಿಂಗ್ ಶಾಲೆಯಲ್ಲಿ ಹೆಸರು ಕೊಟ್ಟಳು.

ಉದ್ದಣ್ಣ ಊರು ಬಿಡುವ ಹಿಂದಿನ ದಿನ ಇಬ್ಬರೂ ಅವನ ಮನೆಗೆ ಹೋದರು. ಮನೆ ಬೋಳಾಗಿತ್ತು, ಎರಡು ಕುರ್ಚಿ, ಒಂದು ಚಾಪೆ ಉಳಿದಿದ್ದವು. ಗಂಡ ದಾರಿಯುದ್ದಕ್ಕೂ ಕಿವಿಯ ಸಾಧನವನ್ನು ಜೇಬಿನೊಳಗೇ ಇಟ್ಟುಕೊಂಡಿದ್ದ. ಅವಳು ನೋಡಿಯೂ ಸುಮ್ಮನಿದ್ದಳು. ಒಳಗೆ ಕೂತ ಮೇಲೆ ಅವನೇ ಅದನ್ನು ತೆಗೆದು, ಉದ್ದಣ್ಣನ ಕಣ್ಣೆದುರೇ ಕಿವಿಗೆ ಸಿಕ್ಕಿಸಿಕೊಂಡ.

"ಅವತ್ತು ನೀನು ಕೇಳು ಅಂದ ಶಬ್ದ ನಂಗೆ ಕೇಳಿರ್ಲಿಲ್ಲ ಕಣೋ" ಎಂದ. "ಸುಳ್ಳು ಹೇಳಿದೆ."

ಉದ್ದಣ್ಣ ಅವನನ್ನೂ ಅವಳನ್ನೂ ನೋಡಿದ. ಆಮೇಲೆ ಬಾಗಿ, ಬಾಯನ್ನು ಅವನ ಕಿವಿಯ ಹತ್ತಿರ ತಂದು, ಬೋಳು ಗೋಡೆಗಳೆಲ್ಲ ಮೊಳಗುವ ಹಾಗೆ ಕೂಗಿದ: "ನನ್ನ ಹತ್ರ ಹೇಳೋಕೇನೋ ದಾಡಿ ನಿಂಗೆ!"

ಗಂಡ ಬೆಚ್ಚಿ ಕಿವಿಯಿಂದ ಸಾಧನ ಕಿತ್ತುಕೊಂಡ. "ಕೂಗಬೇಡ್ವೋ. ಎದುರಿಗೆ ಕೂತು ಮಾತಾಡು, ಸಾಕು."

ಉದ್ದಣ್ಣ ಎದ್ದು ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರಿಗೆ ಹಾಕಿ ಕೂತ. ಅವನ ಹೆಂಡತಿ ಪೆಟ್ಟಿಗೆಯೊಂದನ್ನು ಬಿಚ್ಚಿ, ಸುತ್ತಿಟ್ಟಿದ್ದ ಲೋಟಗಳಲ್ಲಿ ನಾಲ್ಕನ್ನು ಹೊರಗೆ ತೆಗೆಯತೊಡಗಿದಳು.